ಶರಣಮ್ಮ ಆಡಿದ ಮಾತು

ತಾನು ಮಾಡಿದ್ದು ತಪ್ಪಲ್ಲ, ನೋಡಹೋದರೆ ಪುಣ್ಯದ ಕೆಲಸವೇ ಎಂದು ಅಂಬಾದಾಸ ಪುಣೆಯ ಕೋರ್ಟಿನ ಹಿಂಬದಿಯ ಕ್ಯಾಂಟೀನಿನಲ್ಲಿ ಕುಳಿತು ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ. ಮೂರು ಸಲ ಹೇಳಿಕೊಳ್ಳಬೇಕಾಗಿ ಬಂತಲ್ಲ ಎಂಬುದೇ ಅವನಿಗೆ ಸರಿಕಾಣಲಿಲ್ಲ. ಎದುರಿನ ಲೋಟದಲ್ಲಿ ಚಹಾ ಕೆನೆಗಟ್ಟಿತ್ತು. ಪಕ್ಕದಲ್ಲಿ ಇಬ್ಬರು ತರುಣ ವಕೀಲರು ಪಾವ್ ಬ್ರೆಡ್ಡಿನೊಳಗೆ ವಡೆ ಒತ್ತುತ್ತ ಯಾರದೋ ವಿಷಯ ತೆಗೆದು ನಗುತ್ತಿದ್ದರು. ತನ್ನನ್ನೇ ನೋಡಿ ನಗುತ್ತಿರಬಹುದೆ ಎಂದು ಅವನು ಒಮ್ಮೆ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ. ಅರವತ್ತೆರಡು ವರ್ಷದ, ಧನಕವಡಿಯ ಕಾಲೇಜೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತನಾದ, ಮನೆಯೊಳಗೆ ಕನ್ನಡ, ಹೊಸಿಲಾಚೆ ಮರಾಠಿ ಎಂದು ಬದುಕು ಕಳೆದ ತನ್ನನ್ನು ನೋಡಿ ಯಾರಾದರೂ ಯಾಕೆ ನಗಬೇಕು? ನಾಲ್ಕು ವರ್ಷದಿಂದ ದುಭಾಷಿಗಳ ಪಟ್ಟಿಯಲ್ಲಿ ಅವನ ಹೆಸರಿತ್ತು. ಕನ್ನಡದಲ್ಲೇ ಮಾತಾಡುತ್ತೇನೆಂದು ಯಾರಾದರೂ ಕಟಕಟೆ ಹತ್ತಿದರೆ ಅವನಿಗೆ ಕರೆ ಬರುತ್ತಿತ್ತು. ಬಿಳಿ ಅಂಗಿ ತೊಟ್ಟು ಬಸ್ಸಿನಲ್ಲಿ ಬಂದು, ಕೂಡಿಸದೆ ಕಳೆಯದೆ ಹೇಳುತ್ತೇನೆಂದು ಪ್ರಮಾಣ ಮಾಡಿ, ಆಚೆಯ ಮಾತನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸಿ ಹೋಗುತ್ತಿದ್ದ. ಇಡೀ ಕೋಣೆ ತನ್ನ ಬಾಯಿಯನ್ನೇ ನೋಡುತ್ತ ಕಾಯುವ ಆ ಗಳಿಗೆ ಅವನಿಗೆ ಇಷ್ಟವಾಗಿತ್ತು. ಕಾಲೇಜಿನ ಮೂವತ್ತು ವರ್ಷದಲ್ಲಿ ಅಂಥದೊಂದು ಗಳಿಗೆ ಬಂದಿರಲಿಲ್ಲ.

ಈ ಬೆಳಿಗ್ಗೆ ಕಟಕಟೆಯಲ್ಲಿ ನಿಂತವಳು ಶರಣಮ್ಮ ಎಂಬ ಹೆಂಗಸು. ಯಾದಗಿರಿ ಕಡೆಯಿಂದ ಬಂದು, ವಿಮಾನ ನಗರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಹನ್ನೆರಡು ವರ್ಷದಿಂದ ಕಲ್ಲು ಇಟ್ಟಿಗೆ ಹೊತ್ತವಳು. ಮೂವತ್ತೈದೋ ಮೂವತ್ತೆಂಟೋ ಇರಬೇಕು. ಹೊರೆ ಹೊತ್ತೂ ಹೊತ್ತೂ ಕತ್ತು ಕಂಬದ ಹಾಗೆ ನೆಟ್ಟಗಾಗಿತ್ತು. ಗಂಡ ಹುಸೇನಪ್ಪ ಎರಡು ವರ್ಷದ ಹಿಂದೆ ಊರಲ್ಲಿ ಇನ್ನೊಬ್ಬಳಿಗೆ ತಾಳಿ ಕಟ್ಟಿ ಬಂದಿದ್ದ. ಅದು ಸಾಲದೆಂದು, ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದ ಮಗಳನ್ನು ಆ ಇನ್ನೊಬ್ಬಳ ತಮ್ಮನಿಗೆ ಯುಗಾದಿ ಆದ ಮೇಲೆ ಕೊಡುವುದೆಂದು ಮಾತಾಡಿಯೂ ಬಂದಿದ್ದ. ಶರಣಮ್ಮ ವಿಚ್ಛೇದನ ಕೇಳಿದ್ದಳು, ಮಗಳು ತನ್ನ ಬಳಿ ಇರಬೇಕೆಂದು ಕೇಳಿದ್ದಳು. ನ್ಯಾಯಾಧೀಶೆ ಕನ್ನಡಕ ಏರಿಸಿಕೊಂಡು, ಇಂಥ ಮೊಕದ್ದಮೆಗಳಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದರು. ಗಂಡ ಆ ಇನ್ನೊಬ್ಬಳನ್ನು ಬಿಟ್ಟು ಬಂದರೆ ನೀನು ಅವನ ಜೊತೆ ಬಾಳುವೆ ಮಾಡಲು ತಯಾರಿದ್ದೀಯಾ? ಅಂಬಾದಾಸ ಅದನ್ನು ಕನ್ನಡಕ್ಕೆ ತಂದ. ಶರಣಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಅವನನ್ನಲ್ಲ, ನ್ಯಾಯಾಧೀಶೆಯನ್ನು ನೋಡುತ್ತ ಹೇಳಿದಳು:

"ಇಲ್ರಿ. ನಾ ಬಿಡುಗಡಿ ಕೇಳ್ತೀನಿ. ಅಕೀನ ಬಿಟ್ಟು ಬಾ ಅಂತ ನಾ ಹೇಳಂಗಿಲ್ಲ. ಅಕೀನೂ ಯಾರರ ಮಗಳ ಅದಾಳ. ಇಂವಾ ಭಾಳ ಕೆಟ್ಟಾಂವ ಅಂತನೂ ಹೇಳಂಗಿಲ್ಲ. ಹನ್ನೆರಡು ವರ್ಷ ಇವನ ಜೋಡಿ ಕಲ್ಲು ಹೊತ್ತೀನಿ. ಹೊತ್ತ ಕಲ್ಲು ಇಬ್ಬರದೂ ಇತ್ತು, ಆಡೋ ಮಾತು ಮಾತ್ರ ಇವಂದೊಂದ ಇತ್ತು. ಎರಡನೇ ಮದುವಿ ಬ್ಯಾಡ ಅನ್ನೋ ಕಾಯ್ದೆ ಅದ ಅಂತ ನಮ್ಮ ಸಂಘದಾಗ ಓದಿ ಹೇಳ್ಯಾರ. ಆ ಕಾಯ್ದೆ ನನ್ನ ಗುಡಿಸಲಾ ತನಕಾ ಬಂದದ ಅಂದ್ರ ನಾ ಯಾಕ ಬಾಗಲಾ ಹಾಕ್ಕೊಂಡು ಕೂಡಲಿ? ಇಂವಾ ನನಗ ಗಂಡ ಆಗಿ ಬ್ಯಾಡ್ರಿ. ಇನ್ನ ನನ್ನ ಮಾತು ನಾ ಆಡ್ತೀನಿ. ಮಗಳನ್ನ ನನಗ ಕೊಡ್ರಿ."

ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಎಲ್ಲರೂ ಅಂಬಾದಾಸನ ಬಾಯಿ ನೋಡುತ್ತಿದ್ದರು. ಅವನಿಗೆ ಮಾತು ಪೂರ್ತಿ ಅರ್ಥವಾಗಿತ್ತು, ಒಂದೊಂದಕ್ಕೂ ಮರಾಠಿ ಶಬ್ದ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಪ್ರತಿವಾದಿಯ ಕಡೆ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದ ಹುಸೇನಪ್ಪನ ಮುಖ ಕಣ್ಣಿಗೆ ಬಿತ್ತು. ಬಾಯಿ ಅರೆ ತೆರೆದುಕೊಂಡು, ಶಾಲೆಯಲ್ಲಿ ಏಟು ಬೀಳುವ ಮೊದಲು ಹುಡುಗರು ಮಾಡುವ ಮುಖ ಅದು. ಇಷ್ಟು ಜನರೆದುರು ಒಬ್ಬ ಗಂಡಸಿಗೆ ಇದನ್ನು ತಾನು ಹೇಗೆ ಹೇಳುವುದು? ಸಂಸಾರ ಎಂದರೆ ಮಾತು ಬರುತ್ತದೆ ಹೋಗುತ್ತದೆ, ಹಿರಿಯನಾದವನು ನಡುವೆ ನಿಂತು ಸ್ವಲ್ಪ ನೀರು ಬೆರೆಸಿದರೆ ಏನು ಗಂಟು ಹೋಗುತ್ತದೆ? ಇವನ್ನೆಲ್ಲ ಅವನು ಯೋಚಿಸಿದ್ದು ಆಮೇಲೆ. ಆಗ ಬಾಯಿ ತಾನಾಗಿ ಮರಾಠಿಯಲ್ಲಿ ಆಡಿಬಿಟ್ಟಿತು: "ಅವಳು ಬಹಳ ನೊಂದಿದ್ದಾಳೆ, ಮ್ಯಾಡಮ್. ಗಂಡ ತಪ್ಪು ಒಪ್ಪಿಕೊಂಡರೆ ವಿಚಾರ ಮಾಡುತ್ತೇನೆ ಅನ್ನುತ್ತಾಳೆ." ನ್ಯಾಯಾಧೀಶೆಯ ಹುಬ್ಬು ಮೇಲೇರಿತು, ಅಷ್ಟು ಉದ್ದದ ಮಾತಿಗೆ ಇಷ್ಟೇ ಉತ್ತರವೇ ಎಂಬ ಹಾಗೆ. ಆದರೂ ಅವರು ಪಕ್ಕದಲ್ಲಿ ಟೈಪು ಮಾಡುವವನಿಗೆ ಹೇಳಿ ಬರೆಸಿದರು: ರಾಜಿಗೆ ಅವಕಾಶವಿದೆ, ಸಮಾಲೋಚಕರ ಬಳಿ ಕಳಿಸುವುದು, ಆರು ವಾರದ ನಂತರ ಮುಂದಿನ ತಾರೀಖು. ಶರಣಮ್ಮ ಕಟಕಟೆಯಿಂದ ಇಳಿಯುವಾಗ ಒಂದು ಕ್ಷಣ ಮೆಟ್ಟಿಲ ಮೇಲೆ ನಿಂತು ಅವನನ್ನು ನೋಡಿದಳು.

ಪುಣ್ಯದ ಕೆಲಸ ಎಂದು ನಾಲ್ಕನೆಯ ಸಲ ಅಂದುಕೊಳ್ಳುವಷ್ಟರಲ್ಲಿ ಅವಳೇ ಕ್ಯಾಂಟೀನಿನ ಬಾಗಿಲಲ್ಲಿ ಕಂಡಳು. ಜೊತೆಗೆ ಎರಡು ಜಡೆ ಹಾಕಿಕೊಂಡ ಮಗಳು, ಹೆಗಲಲ್ಲಿ ಶಾಲೆಯ ಚೀಲ. ಮಗಳನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ ಬಂದು ಅವನ ಮೇಜಿನ ಎದುರು ನಿಂತಳು.

"ಅಣ್ಣಾರ, ನಾ ಹಂಗ ಅಂದಿಲ್ಲಲ್ರಿ."

ಅಂಬಾದಾಸ ಲೋಟವನ್ನು ಪಕ್ಕಕ್ಕೆ ಸರಿಸಿದ. "ಹೆಂಗ?"

"ವಿಚಾರ ಮಾಡ್ತೀನಿ ಅಂತ ನಾ ಅಂದಿಲ್ರಿ."

"ನಿನಗ ಮರಾಠಿ ಬರ್ತದೇನವ್ವಾ?"

"ಹನ್ನೆರಡು ವರ್ಷ ಆತ್ರಿ ಇಲ್ಲೆ ಬಂದು. ಕಿವಿ ಅದಾವಲ್ರಿ."

"ಮತ್ತ ಮರಾಠಿಯಾಗ ಹೇಳಬೇಕಿತ್ತು. ಕನ್ನಡದವರು ಬೇಕಂತ ಯಾಕ ಬರಸಿದಿ?" ತನ್ನ ದನಿ ತಾನಂದುಕೊಂಡದ್ದಕ್ಕಿಂತ ಮೇಲಕ್ಕೆ ಹೋದದ್ದು ಅವನಿಗೇ ಕೇಳಿಸಿತು. ವಕೀಲರಿಬ್ಬರು ತಿರುಗಿ ನೋಡಿದರು.

ಶರಣಮ್ಮ ಸಿಟ್ಟಾಗಲಿಲ್ಲ. "ಇಟ್ಟಂಗಿ ತಾ, ನೀರು ತಾ ಅನ್ನಾಕ ನನ್ನ ಮರಾಠಿ ಸಾಕ್ರಿ. ಇದಕ್ಕ ಸಾಲಂಗಿಲ್ಲ. ಆ ನಾಕು ಮಾತು ಜೋಡಸಾಕ ನನಗ ಎರಡು ವರ್ಷ ಹಿಡದದ. ಇಟ್ಟಂಗಿ ಬುಟ್ಟಿ ಹೊತ್ತುಕೊಂಡು ಮ್ಯಾಲ ಹತ್ತುವಾಗೆಲ್ಲ ಒಂದೊಂದ ಮಾತು ಜೋಡಿಸೀನಿ. ಒಂದೂ ಹೆಚ್ಚಿಂದಿಲ್ಲ. ನಮ್ಮ ಭಾಷಾದವ್ರು ಬಂದ್ರ ಹಂಗ ದಾಟಸ್ತಾರ ಅಂತ ತಿಳಿದೆ." ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದಳು: "ಬಿರುಸಾತೇನ್ರಿ ನಿಮಗ?"

"ಸಂಸಾರ ಉಳೀಲಿ ಅಂತ..." ಎಂದ ಅಂಬಾದಾಸ.

"ಆರು ವಾರ ಅಂದ್ರ ಯುಗಾದಿ ದಾಟ್ತದರಿ," ಎಂದಳು ಅವಳು. ಅಷ್ಟೇ ಹೇಳಿ ಹೋಗಿ ಮಗಳ ಪಕ್ಕ ಕುಳಿತಳು. ಮಗಳು ಪುಸ್ತಕ ತೆರೆದು ಓದುತ್ತಿದ್ದಳು. ತಾಯಿ ಮಗಳ ಪುಸ್ತಕದ ಪುಟದ ಮೇಲೆ ಬಿದ್ದ ಬಿಸಿಲನ್ನು ಕೈಯಿಂದ ಮರೆಮಾಡಿ ಹಿಡಿದಳು.

ಅಂಬಾದಾಸ ಅಲ್ಲಿಂದ ಏಳಬೇಕೆಂದುಕೊಂಡು ಏಳಲಾರದೆ ಕುಳಿತ. ನಾಲಿಗೆಯ ಮೇಲೆ ಒಗರು ಕೂತಿತ್ತು, ಚಹಾದ್ದಲ್ಲ, ಬೇರೆ ಯಾವುದೋ ಹಳೆಯದು. ಸೋಲಾಪುರದ ಚಾಳಿನ ಸಾಲುಮನೆಯಲ್ಲಿ, ಎಂಬತ್ತೊಂದನೆಯ ಇಸವಿಯಲ್ಲಿ, ಇಂಥದೇ ಒಗರು ಬಾಯಿಗೆ ಬಂದಿತ್ತು. ಆಗ ಅವನಿಗೆ ಹದಿನೆಂಟು. ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿ ಮಾಡಲು ಮರಾಠಿ ಅಧಿಕಾರಿಯೊಬ್ಬ ಮನೆಗೆ ಬಂದಿದ್ದ. ಅಪ್ಪ ಗೂಳಪ್ಪ ನಿಜಾಮನ ಆಳ್ವಿಕೆಯ ವಿರುದ್ಧ ಹೋರಾಡುತ್ತ ಗಡಿಯ ಶಿಬಿರದಲ್ಲಿ ಇದ್ದವನು, ತೊಡೆಯ ಮೇಲೆ ಗುಂಡು ಹಾಯ್ದ ಗುರುತಿತ್ತು. ಅದನ್ನು ಚಾಳಿನ ಮಕ್ಕಳಿಗೆಲ್ಲ ತೋರಿಸುತ್ತಿದ್ದ. ಅಪ್ಪನ ಮಾತು ಬರೆದುಕೊಂಡ ಮೇಲೆ ಅಧಿಕಾರಿ ಒಲೆಯ ಬಳಿ ಕುಳಿತಿದ್ದ ಭೀಮವ್ವನ ಕಡೆ ತಿರುಗಿದ. ಭೀಮವ್ವ ಅಪ್ಪನ ಮೊದಲ ಹೆಂಡತಿ, ಅಂಬಾದಾಸನಿಗೆ ದೊಡ್ಡವ್ವ. ಹೆತ್ತವಳು ಬೇರೆ, ಎತ್ತಿ ಬೆಳೆಸಿದವಳು ಇವಳೇ. "ಅಜ್ಜಿ, ನೀವೂ ಶಿಬಿರದಲ್ಲಿ ಇದ್ದಿರಂತೆ, ಇನ್ನೊಬ್ಬರು ಅರ್ಜಿಯಲ್ಲಿ ಬರೆದಿದ್ದಾರೆ. ಏನು ಮಾಡುತ್ತಿದ್ದಿರಿ?" ಎಂದು ಮರಾಠಿಯಲ್ಲಿ ಕೇಳಿದ. ಮನೆಯಲ್ಲಿ ಚೆನ್ನಾಗಿ ಮರಾಠಿ ಬರುತ್ತಿದ್ದದ್ದು ಅಂಬಾದಾಸನೊಬ್ಬನಿಗೆ. ಅವನು ಪ್ರಶ್ನೆ ದಾಟಿಸಿದ. ಯಾರೂ ಯಾವತ್ತೂ ಕೇಳದೇ ಇದ್ದದ್ದನ್ನು ಯಾರೋ ಕೇಳಿದರೆಂದು ದೊಡ್ಡವ್ವ ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಗೋಡೆಗೆ ಆತು ಕುಳಿತಳು.

"ನಾಕು ಸಲ ಭೀಮಾ ಹೊಳಿ ದಾಟೀನಿ, ಬಂದೂಕಿನ ತೋಟಾದ ಗಂಟು ಹೊಟ್ಟಿಗೆ ಕಟಿಗೊಂಡು, ಬಸರಿ ಹೆಂಗಸಿನಾಂಗ. ನಾವು ಹೊಳಿ ದಾಟಿ ಬರೂದ್ರಾಗ ಶಿಬಿರದಾಗ ಗಂಡಸರು ರೊಟ್ಟಿ ಬಡದು ಇಟ್ಟಿರ್ತಿದ್ರು. ಗಂಡು ಹೆಣ್ಣು, ಆ ಜಾತಿ ಈ ಜಾತಿ ಅನ್ನದ ಒಂದ ಸಾಲಿನಾಗ ಕುಂತು ಉಣತಿದ್ವಿ. ಸ್ವರಾಜ್ಯ ಬಂದ್ರ ಮನಿ ಮನ್ಯಾಗ ಹಿಂಗ ಅಂತ ಹೇಳ್ತಿದ್ರು. ಬಂತು. ಬಂದ ವಾರದಾಗ ಎಲ್ಲಾ ಗಂಡಸರಿಗೂ ರೊಟ್ಟಿ ಬಡ್ಯೂದು ಮರತು ಹೋತು." ಹೀಗೆ ಹೇಳಿ ದೊಡ್ಡವ್ವ ನಕ್ಕಳು. ಬಾಗಿಲ ಹಿಂದೆ ನಿಂತಿದ್ದ ಅವನ ಹೆತ್ತವ್ವ ಕೂಡ ಸೆರಗು ಬಾಯಿಗೆ ಒತ್ತಿಕೊಂಡದ್ದು ಅವನಿಗೆ ಕಂಡಿತು. ಅಪ್ಪ ನಗಲಿಲ್ಲ. ಎರಡನೆಯ ಹೆಂಡತಿಯನ್ನು ಮಾಡಿಕೊಳ್ಳುವ ಹಾಗಿಲ್ಲ ಎಂಬ ಕಾಯ್ದೆ ದೇಶಕ್ಕೆಲ್ಲ ಬರುತ್ತದಂತೆ ಎಂಬ ಸುದ್ದಿ ಹಳ್ಳಿಗೆ ಮುಟ್ಟಿದ ವರ್ಷವೇ, ಬರುವ ಮೊದಲೇ ಎಂದು ಅವಸರ ಮಾಡಿ, ಅಪ್ಪ ಎರಡನೆಯ ಮದುವೆಯಾಗಿದ್ದ. ಮದುವೆ ಐವತ್ತನಾಲ್ಕರ ಬೇಸಿಗೆಯಲ್ಲಿ, ಕಾಯ್ದೆ ಐವತ್ತೈದರ ಬೇಸಿಗೆಯಲ್ಲಿ. ಆ ಒಂದು ವರ್ಷದ ಸಂದಿನಿಂದ ನುಸುಳಿ ತಾನು ಈ ಲೋಕಕ್ಕೆ ಬಂದವನು. ಗುಂಡಿಗೆ ಎದೆಯೊಡ್ಡಿದ ಅಪ್ಪ ತಾನೇ ತಂದ ಹೊಸ ಕಾಲಕ್ಕೆ ಮಾತ್ರ ಹೆದರಿದ್ದ. ದೊಡ್ಡವ್ವನ ಕಣ್ಣು ಅವನ ಮೇಲಿತ್ತು, ಅಪ್ಪನ ಕಣ್ಣೂ ಅವನ ಮೇಲಿತ್ತು. ಹದಿನೆಂಟರ ಅಂಬಾದಾಸ ಅಧಿಕಾರಿಗೆ ಮೂರು ಶಬ್ದದಲ್ಲಿ ಹೇಳಿದ: ಅಡಿಗೆ ಮಾಡುತ್ತಿದ್ದಳಂತೆ, ಅಷ್ಟೇ. ಅಧಿಕಾರಿ ಪೆನ್ನು ಮುಚ್ಚಿದ. ದೊಡ್ಡವ್ವನಿಗೆ ಮರಾಠಿ ಬರುತ್ತಿರಲಿಲ್ಲ. ಆದರೆ ಅಷ್ಟು ಮಾತಿಗೆ ಇಷ್ಟೇ ಮಾತು ಆಗಲಾರದೆಂದು ತಿಳಿಯಲು ಭಾಷೆ ಯಾಕೆ ಬೇಕು? ಅವಳು ತಿರುಗಿ ಒಲೆಯ ಮುಂದೆ ಕುಳಿತಳು. ಆಮೇಲೆ ಹದಿನಾಲ್ಕು ವರ್ಷ ಬದುಕಿದ್ದಳು, ಅವನ ತಲೆಗೆ ಎಣ್ಣೆ ಒತ್ತಿದಳು, ಮದುವೆಯಲ್ಲಿ ಆರತಿ ಎತ್ತಿದಳು. ಹೊಳೆ ದಾಟಿದ ಮಾತು ಮತ್ತೆಂದೂ ಅವಳ ಬಾಯಿಂದ ಬರಲಿಲ್ಲ.

"ಸಾಹೇಬ್ರ, ಚಹಾ ತಣ್ಣಗಾತು ನಿಮ್ದು. ಇನ್ನೊಂದ ಹೇಳಲೇನ್ರಿ?" ಎಂದು ಯಾರೋ ಭುಜ ಮುಟ್ಟಿದರು. ಹುಸೇನಪ್ಪ. ಹತ್ತಿರದಿಂದ ನೋಡಿದರೆ ಅಂಥ ಕೇಡಿಗನಲ್ಲ, ಬಿಸಿಲಿಗೆ ಸುಟ್ಟ ಸಾಧಾರಣ ಮುಖ, ಉಗುರಿನ ಸಂದಿಯಲ್ಲಿ ಸಿಮೆಂಟು. ಕೆಲಸಗಾರರ ಒಂದು ಗುಂಪಿಗೆ ಮೇಸ್ತ್ರಿಯಾಗಿದ್ದರಿಂದ ಅವನಿಗೂ ಮರಾಠಿ ಸರಾಗ. ಎಲ್ಲವೂ ತಿಳಿದಿತ್ತು. ಅವನು ಬಗ್ಗಿ, ತಗ್ಗಿದ ದನಿಯಲ್ಲಿ, ಇಬ್ಬರಿಗಷ್ಟೇ ಗೊತ್ತಿರಬೇಕಾದ ಗುಟ್ಟಿನ ಹಾಗೆ ಹೇಳಿದ: "ಭಾಳ ಚೊಲೊ ಮಾಡಿದ್ರಿ. ಗಂಡಸರ ಮರ್ಯಾದಿ ಗಂಡಸರಿಗೇ ತಿಳೀತದ ನೋಡ್ರಿ. ಹೆಂಗಸರು ಒದರತಾವ, ಎಲ್ಲಾನೂ ಬರಕೊಂತ ಕುಂತ್ರ ನಡೀತದೇನು?" ಅಂಬಾದಾಸನ ಕೈಗೆ ಕೈ ಕೂಡಿಸಿ ಕುಲುಕಿದ. ಆ ಅಂಗೈ ಒರಟಾಗಿ ಬೆಚ್ಚಗಿತ್ತು, ಅದರಲ್ಲಿ ನಿಜವಾದ ಕೃತಜ್ಞತೆ ಇತ್ತು. ಅದೇ ಅಸಹ್ಯವಾಯಿತು. ಆ ದಿನ ಅಧಿಕಾರಿ ಹೋದ ಮೇಲೆ ಅಪ್ಪನೂ ಹೀಗೆಯೇ ಬೆನ್ನು ತಟ್ಟಿದ್ದ, ಜಾಣ ಎಂದು. ನಲವತ್ತನಾಲ್ಕು ವರ್ಷದ ಮೇಲೆ ಅದೇ ಬಹುಮಾನ ಮತ್ತೆ ಸಿಕ್ಕಿತ್ತು. ಅಂಬಾದಾಸ ಕೈ ಬಿಡಿಸಿಕೊಂಡು, ಕರವಸ್ತ್ರಕ್ಕೆ ತಡಕಾಡಿ, ಸಿಗದೆ, ಪ್ಯಾಂಟಿಗೇ ಒರೆಸಿಕೊಂಡು ಹೊರಗೆ ಬಂದ.

ಗೇಟು ಹತ್ತಿರವೇ ಇತ್ತು. ಗೇಟಿನಾಚೆ ಧನಕವಡಿಯ ಬಸ್ಸು ನಿಲ್ಲುವ ಜಾಗ. ಹತ್ತಿ ಹೋದರೆ ಯಾರೂ ಕೇಳುವವರಿಲ್ಲ. ಕೂಲಿ ಹೆಂಗಸೊಬ್ಬಳು ತನ್ನ ಮಾತು ಹಾಗಿರಲಿಲ್ಲ ಎಂದರೆ, ಪ್ರಮಾಣ ಮಾಡಿದ ನಿವೃತ್ತ ಹೆಡ್ ಕ್ಲಾರ್ಕ್ 'ಇಲ್ಲ, ಹಾಗೇ ಇತ್ತು' ಎಂದರೆ, ಯಾರ ಮಾತು ನಿಲ್ಲುತ್ತದೆ? ಈ ಯೋಚನೆ ಎಷ್ಟು ನಿರಾಯಾಸವಾಗಿ ತಲೆಗೆ ಬಂತೆಂದರೆ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು. ಕಟ್ಟೆಯ ಕಡೆ ನೋಡಿದ. ಶರಣಮ್ಮ ಅಳುತ್ತಿರಲಿಲ್ಲ, ಯಾರನ್ನೂ ಶಪಿಸುತ್ತಿರಲಿಲ್ಲ. ಸರಕಾರದಿಂದ ನೇಮಕವಾಗಿ ಅವಳ ಕೇಸು ನೋಡುತ್ತಿದ್ದ ನೀತಾ ಎಂಬ ತರುಣ ವಕೀಲೆಗೆ ಬೆರಳು ಮಡಿಸಿ ಮಡಿಸಿ ತನ್ನ ಒಡಕು ಮರಾಠಿಯಲ್ಲಿ ಏನೋ ಕೇಳುತ್ತಿದ್ದಳು. ಈ ತಾರೀಖು ಹೀಗೆ ಹೋದರೆ ಮುಂದಿನ ಅರ್ಜಿ ಯಾವುದು, ಅದೂ ಹೋದರೆ ಅದರ ಮುಂದಿನದು ಯಾವುದು. ಗೋಡೆ ಕುಸಿದರೆ ಮೊದಲಿನ ಸಾಲಿನಿಂದ ಮತ್ತೆ ಇಟ್ಟಿಗೆ ಇಡುವವರ ನಿಧಾನ ಅವಳಲ್ಲಿತ್ತು. ಇವಳ ಎತ್ತರಕ್ಕೆ ತಾನು ಇಡೀ ಜನ್ಮದಲ್ಲಿ ಏರಲಾರೆ ಅನ್ನಿಸಿತು ಅಂಬಾದಾಸನಿಗೆ. ಆಶ್ಚರ್ಯವೆಂದರೆ, ಹಾಗೆ ಅನ್ನಿಸಿದ್ದರಿಂದ ನೋವಾಗಲಿಲ್ಲ, ಬಿಗಿದ ಚಪ್ಪಲಿ ಕಳಚಿದ ಹಾಗಾಯಿತು.

ಅವನು ನೀತಾಳ ಬಳಿ ಹೋಗಿ ಇದ್ದದ್ದನ್ನು ಹೇಳಿದ. ಅಚ್ಚ ಮರಾಠಿಗೆ ಹೆಸರಾದ ಸದಾಶಿವ ಪೇಠದ ಹುಡುಗಿ, ಶಬ್ದವನ್ನು ಅಳೆದು ತೂಗಿ ಆಡುವವಳು. ಅವಳ ಮುಖ ಕೆಂಪಾಯಿತು. "ಕಾಕಾ, ಇದು ಸಣ್ಣ ಮಾತಲ್ಲ. ಪಟ್ಟಿಯಿಂದ ಹೆಸರು ಹೋಗುತ್ತದೆ. ಅದಕ್ಕಿಂತ ಹೆಚ್ಚಿನದೂ ಆಗಬಹುದು. ಗೊತ್ತಿದೆಯಾ?"

"ಗೊತ್ತದ," ಎಂದ ಅಂಬಾದಾಸ. ಕನ್ನಡದಲ್ಲಿ ಅಂದದ್ದು ತಿಳಿದು, ಮರಾಠಿಯಲ್ಲಿ ಮತ್ತೊಮ್ಮೆ ಅಂದ.

ಮಧ್ಯಾಹ್ನದ ಬೈಠಕ್ಕು ಶುರುವಾದಾಗ ಕೋಣೆ ತುಂಬಿತ್ತು. ಕ್ಯಾಂಟೀನಿನ ವಕೀಲರಿಬ್ಬರೂ ಅಲ್ಲಿದ್ದರು. ಅಂಬಾದಾಸ ಎದ್ದು ನಿಂತು, ಬೆಳಿಗ್ಗೆ ತಾನು ಅರ್ಜಿದಾರಳ ಮಾತನ್ನು ಬೇಕೆಂದೇ ಬದಲಿಸಿ ಹೇಳಿದೆನೆಂದ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಯಾಕೆ?" ಎಂದರು. ಸಂಸಾರ ಉಳಿಯಲಿ ಎಂದು, ಎಂದರೆ ಸುಳ್ಳಾಗುತ್ತಿತ್ತು. "ಕೇಳಲು ನನಗೆ ಕಷ್ಟವಾಯಿತು, ಮ್ಯಾಡಮ್," ಎಂದ. ಹಿಂದೆ ಯಾರೋ ಗಂಟಲಲ್ಲೇ ನಕ್ಕರು. "ನಿಮಗೆ ಕಷ್ಟವಾಗುತ್ತದೆಯೋ ಇಲ್ಲವೋ ಎಂದು ಈ ನ್ಯಾಯಾಲಯ ಕೇಳಿರಲಿಲ್ಲ," ಎಂದರು ಅವರು. "ಈಕೆಯ ಬಾಯಿ ಮತ್ತು ಕಾನೂನಿನ ಕಿವಿ, ಇವೆರಡರ ನಡುವೆ ಇರುವುದು ನೀವೊಬ್ಬರೇ. ಅಷ್ಟು ದಾರಿಯನ್ನೂ ನೀವು ಬಿಡದೇ ಹೋದರೆ ಕಾನೂನು ಮಾಡಿ ಏನು ಉಪಯೋಗ?" ಎಲ್ಲವನ್ನೂ ದಾಖಲೆಗೆ ಬರೆಸಿದರು. ತಲೆ ತಗ್ಗಿಸಿ ನಿಂತ ಅಂಬಾದಾಸ ತನ್ನ ಅವಮಾನ ಅಕ್ಷರ ಅಕ್ಷರವಾಗಿ ಟೈಪಾಗುವ ಸದ್ದು ಕೇಳಿದ. ಆಮೇಲೆ ಅವರು ಶರಣಮ್ಮನ ಕಡೆ ತಿರುಗಿ, ಬೇರೆ ದುಭಾಷಿಯನ್ನು ಕರೆಸಬಹುದು, ಅದಕ್ಕೆ ದಿನ ಹಿಡಿಯುತ್ತದೆ, ಏನನ್ನುತ್ತೀ ಎಂದು ಕೇಳಿದರು. ಅದನ್ನೂ ಅಂಬಾದಾಸನೇ ಅವಳಿಗೆ ಕನ್ನಡದಲ್ಲಿ ಹೇಳಬೇಕಾಯಿತು.

"ಇವರ ಇರ್ಲಿರಿ," ಎಂದಳು ಶರಣಮ್ಮ. "ಒಮ್ಮಿ ಎಡವಿದಾಂವ ಎರಡನೇ ಸಲ ಕಾಲು ನೋಡಿಕೊಂಡು ಇಡ್ತಾನ."

ತನ್ನ ಬಗ್ಗೆಯೇ ಆಡಿದ ಆ ಮಾತನ್ನು ಅವನು ಒಂದು ಶಬ್ದವೂ ಬಿಡದೆ ಮರಾಠಿಗೆ ತಂದ. ನ್ಯಾಯಾಧೀಶೆಯ ತುಟಿಯ ಮೂಲೆ ಸ್ವಲ್ಪ ಅಲುಗಿತು. "ಸರಿ. ಆದರೆ 'ಅವಳು ಹೀಗನ್ನುತ್ತಾಳೆ' ಎಂಬುದು ಬೇಡ. ಅವಳು 'ನಾನು' ಎಂದರೆ ನೀವೂ 'ನಾನು' ಎನ್ನಬೇಕು. ಅವಳು ಆಡಿದ ಹಾಗೆಯೇ." ಮತ್ತೆ ಪ್ರಮಾಣ, ಮತ್ತೆ ಅದೇ ಪ್ರಶ್ನೆ. ಶರಣಮ್ಮ ಸೊಂಟಕ್ಕೆ ಸೆರಗು ಬಿಗಿದುಕೊಂಡು ಅದೇ ಮಾತನ್ನು ಅದೇ ಕ್ರಮದಲ್ಲಿ ಆಡಿದಳು. ಎರಡು ವರ್ಷ ಹೊತ್ತು ಜೋಡಿಸಿದ ಮಾತು, ಒಂದು ಕಲ್ಲೂ ಜರುಗಿರಲಿಲ್ಲ. ಅಂಬಾದಾಸ ಬಾಯಿ ತೆರೆದು ತಡವರಿಸಿದ. ಕನ್ನಡದಲ್ಲಿ ನಾನು ಕೇಳುತ್ತೇನೆ ಎಂದರೆ ಹೇಳಿದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮರಾಠಿ ಹಾಗೆ ಬಿಡುವುದಿಲ್ಲ. ಗಂಡಸಾದರೆ 'ಮಾಗತೋ' ಅನ್ನಬೇಕು, ಹೆಂಗಸಾದರೆ 'ಮಾಗತೇ'. ಐವತ್ತು ವರ್ಷ ಮರಾಠಿ ಮಾತಾಡಿದರೂ ಆ ಕೊನೆಯ ಸ್ವರವನ್ನು ತನ್ನ ಬಗ್ಗೆ ಅವನು ಒಮ್ಮೆಯೂ ಬಳಸಿರಲಿಲ್ಲ. ಮೀಸೆ ಬೆಳ್ಳಗಾದ ಗಂಡಸು, ಹಿಂದೆ ನಗಲು ಕಾದು ಕುಳಿತವರು, ಎದುರಿಗೆ ಹುಸೇನಪ್ಪ. "ಮೀ ಮಾಗತೇ," ಎಂದ ಅಂಬಾದಾಸ. ನಗೆ ಎದ್ದಿತು. ನ್ಯಾಯಾಧೀಶೆ ತಲೆಯೆತ್ತಿದ ಕೂಡಲೇ ಅಡಗಿತು.

ಆಮೇಲೆ ಸರಾಗವಾಯಿತು. ಅವಳೂ ಯಾರೋ ಒಬ್ಬರ ಮಗಳು. ನಾನು ಕಲ್ಲು ಹೊತ್ತವಳು. ಆಡುವ ಮಾತು ಮಾತ್ರ ಅವನೊಬ್ಬನದೇ ಇತ್ತು. ಕಾಯ್ದೆ ನನ್ನ ಗುಡಿಸಲಿನ ತನಕ ಬಂದಿದೆ ಎಂದರೆ ನಾನೇಕೆ ಬಾಗಿಲು ಹಾಕಿಕೊಂಡು ಕೂಡಲಿ? ಒಂದೊಂದು ವಾಕ್ಯವೂ ಹೆಣ್ಣಾಗಿ ಅವನ ಬಾಯಿಂದ ಹೊರಟಿತು. ಹೊರಡುತ್ತ ಹೊರಡುತ್ತ ಅವನ ದನಿ ಗಟ್ಟಿಯಾಯಿತು. ಹೊಳೆ ದಾಟುವಾಗ ದೊಡ್ಡವ್ವನಿಗೆ ಹೀಗೆಯೇ ಆಗಿತ್ತೇನೋ, ಹೊಟ್ಟೆಗೆ ಕಟ್ಟಿದ್ದು ತನ್ನದಲ್ಲ, ಆದರೆ ನೆನೆಯದ ಹಾಗೆ ಆಚೆ ಮುಟ್ಟಿಸಬೇಕು, ನೀರು ಎದೆಮಟ್ಟ ಬಂದಿದೆ. ಅಪ್ಪ ಮತ್ತವನ ಸಂಗಡಿಗರು ಬಂದೂಕು ಹಿಡಿದು ತಂದ ಹೊಸ ಕಾಲ ತನ್ನ ಮನೆಯ ಒಲೆಯ ತನಕ ಬರದೇ ಹೋದದ್ದು, ನಡುವೆ ತನ್ನಂಥವರು ನಿಂತಿದ್ದರಿಂದ. ಈ ಹೆಂಗಸು ಅದನ್ನು ಕೂಲಿಯ ನಡುವೆ, ತಲೆಯ ಮೇಲೆ ಇಟ್ಟಿಗೆಯ ಬುಟ್ಟಿ ಹೊತ್ತು, ಒಬ್ಬಳೇ ಎಳೆದು ತಂದಿದ್ದಳು. "ಇನ್ನು ಮುಂದೆ ನನ್ನ ಮಾತು ನಾನು ಆಡುತ್ತೇನೆ. ಮಗಳನ್ನು ನನಗೆ ಕೊಡಿ," ಎಂದು ಮುಗಿಸಿದ.

ನ್ಯಾಯಾಧೀಶೆ ಬೆಳಗಿನ ಆಜ್ಞೆಯನ್ನು ಹೊಡೆದು ಹಾಕಿಸಿದರು. ಮುಂದಿನ ತೀರ್ಪಿನ ತನಕ ಮಗಳು ತಾಯಿಯ ವಶದಲ್ಲಿರಬೇಕು, ಅವಳನ್ನು ಪುಣೆ ಬಿಟ್ಟು ಒಯ್ಯಕೂಡದು, ಹದಿನೆಂಟು ತುಂಬದ ಮಗುವಿಗೆ ಮದುವೆ ಮಾಡಲು ಹೋದರೆ ಜೈಲು ಎಂದು ಹುಸೇನಪ್ಪನಿಗೆ ಹೇಳಿಸಿದರು. ವಿಚ್ಛೇದನದ ವಿಚಾರಣೆಗೆ ಹತ್ತಿರದ ತಾರೀಖು ಕೊಟ್ಟರು. ದುಭಾಷಿಗಳ ಪಟ್ಟಿಯಿಂದ ಅಂಬಾದಾಸನ ಹೆಸರು ತೆಗೆಯಬೇಕೆಂದು ಕೊನೆಯ ಸಾಲಿನಲ್ಲಿ ಬರೆಸಿದರು. ಹುಸೇನಪ್ಪ ಹೊರಗೆ ಬಂದು ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತ. ಅಂಬಾದಾಸನ ಕಡೆ ತಿರುಗಲಿಲ್ಲ. ಮಗಳ ಹತ್ತಿರ ಹೋಗಿ, ಅವಳ ಚೀಲದ ಜಾರಿದ ಪಟ್ಟಿಯನ್ನು ಹೆಗಲಿಗೆ ಏರಿಸಿ, ಮೆಟ್ಟಿಲಿಳಿದು ಹೋದ. ಶರಣಮ್ಮ ಆಜ್ಞೆಯ ಪ್ರತಿಗೆ ಸಹಿ ಮಾಡಿದಳು. ಮಗಳು ಕಲಿಸಿದ ಮರಾಠಿ ಅಕ್ಷರ, ನಿಧಾನವಾಗಿ, ಒಂದರ ಪಕ್ಕ ಒಂದು. ಹೋಗುವ ಮೊದಲು ಅಂಬಾದಾಸನ ಎದುರು ನಿಂತು, "ಈಗ ಬರೋಬ್ಬರಿ ಆತ್ರಿ," ಎಂದಳು. ಉಪಕಾರವಾಯಿತು ಎನ್ನಲಿಲ್ಲ. ಉಪಕಾರವೇನೂ ಆಗಿರಲಿಲ್ಲವಲ್ಲ. ತಾಯಿ ಮಗಳು ಗೇಟು ದಾಟಿ ಗದ್ದಲದ ರಸ್ತೆಯಲ್ಲಿ ಸೇರಿಹೋಗುವ ತನಕ ಅವನು ನೋಡುತ್ತ ನಿಂತಿದ್ದ.

ಮನೆ ಸೇರಿದಾಗ ಸಂಜೆಯ ಬಿಸಿಲು ಅಡುಗೆಮನೆಯ ಕಿಟಕಿಯಲ್ಲಿತ್ತು. ಹೆಂಡತಿ ರೇಣು ಬದನೆಕಾಯಿ ಹೆಚ್ಚುತ್ತಿದ್ದಳು. "ಇವತ್ತ ಏನಾತ್ರಿ ಕೋರ್ಟಿನ್ಯಾಗ?" ಎಂದು ಎಂದಿನಂತೆ ಕೇಳಿದಳು, ಎಂದಿನಂತೆ ತಲೆಯೆತ್ತದೆ. ಅವನು ಚಪ್ಪಲಿ ಬಿಟ್ಟು ಬಂದು, ನೆಲದ ಮೇಲೆ ಅವಳ ಎದುರಿಗೇ ಕುಳಿತು ಹೇಳಿದ. ಹುಸೇನಪ್ಪ ಕೈ ಕುಲುಕಿದ್ದನ್ನು, ವಕೀಲರು ನಕ್ಕದ್ದನ್ನು, ಪಟ್ಟಿಯಿಂದ ಹೆಸರು ಹೋದದ್ದನ್ನು. ದೊಡ್ಡವ್ವನ ಮಾತನ್ನೂ ಹೇಳಿದ, ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ. ರೇಣುವಿನ ಕೈಯಲ್ಲಿ ಚಾಕು ನಿಂತಿತ್ತು. ಹೋಳುಗಳು ತಟ್ಟೆಯಲ್ಲಿ ಕಪ್ಪಾಗತೊಡಗಿದ್ದವು.

"ನನ್ನ ಮಾತೂ ಹಿಂಗ ತಿರುವಿ ಹೇಳೀರೇನ್ರಿ, ಮಂದಿ ಮುಂದ?"

ಇಲ್ಲ ಎಂಬುದು ಬಾಯಿಯವರೆಗೆ ಬಂದಿತ್ತು. ಅವನು ಅದನ್ನು ಅಲ್ಲೇ ತಡೆದ. "ಹೇಳೀನಿ."

"ಎಷ್ಟು ಸಲ?"

"ನೆನಪಿಟ್ಟಿಲ್ಲ, ರೇಣು."

"ನಾ ಇಟ್ಟೀನಿ," ಎಂದಳು ಅವಳು. ಚಾಕು ಕೆಳಗಿಟ್ಟು, ಎದ್ದು, ಗ್ಯಾಸು ಬಂದ್ ಮಾಡಿ ಬಂದು, ಅವನ ಎದುರಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ಮದುವ್ಯಾದ ಎಂಟನೇ ದಿನದಿಂದ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ್ರಿ."

ಅಂಬಾದಾಸ ತಲೆಯಾಡಿಸಿದ. ಅವಳು ಶುರುಮಾಡಿದಳು. ಹೊರಗೆ ರಸ್ತೆಯ ದೀಪ ಹತ್ತುವ ತನಕ, ಹತ್ತಿದ ಮೇಲೂ, ಅವನು ಕೇಳುತ್ತ ಕುಳಿತಿದ್ದ.